ಹೆಂಡತಿಯ ಮೈಲಿ, ನನ್ನ ಮೈಲಿ, ಅಳಿಯಂದಿರ ಮೈಲಿ: ಒಂದೇ ಗಂಟು ಕಟ್ಟಬಹುದೇ?

ಹನುಮಂತನಗರದ ಗಣಿತ ಮೇಷ್ಟ್ರು:

ವಿಮಾನದ ಮೈಲಿಗಳ, ಅಂದರೆ ಹಾರಿದ್ದಕ್ಕೆ ವಿಮಾನ ಸಂಸ್ಥೆ ನಮ್ಮ ಖಾತೆಗೆ ಹಾಕುವ ಅಂಕಗಳ, ವಿಷಯ ಬಲ್ಲವರು ಇಲ್ಲಿದ್ದಾರೆಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ. ಪ್ರಶ್ನೆಯಲ್ಲಿ ದತ್ತಾಂಶ ಬಿಟ್ಟುಹೋದರೆ ಉತ್ತರ ತಪ್ಪುತ್ತದೆಂದು 31 ವರ್ಷ ಮಕ್ಕಳಿಗೆ ಹೇಳಿದವನು ನಾನು. ಈಗ ನಾನೇ ಬಿಡುವುದು ಹೇಗೆ?

ಅರವತ್ತು ತುಂಬುವ ತನಕ ನಾನು ವಿಮಾನ ಹತ್ತಿರಲಿಲ್ಲ. ಮಗಳು ಮದುವೆಯಾಗಿ ದುಬೈಗೆ ಹೋದಳು, ಮಗ ಓದಲು ಹೋದವನು ಫ್ರಾಂಕ್‌ಫರ್ಟ್‌ನಲ್ಲೇ ಕೆಲಸ ಹಿಡಿದ. ಮಗಳಿಗೆ ಎರಡು ಬಾಣಂತನ, ನಡುವೆ ಮಗನ ಹೊಸ ಮನೆಯ ಸಂಭ್ರಮ. ಈ ಎಲ್ಲದಕ್ಕೂ ಮೂರು ವರ್ಷದಲ್ಲಿ ನನ್ನ ಹೆಂಡತಿ ಏಳು ಸಲ ಹೋಗಿ ಬಂದಿದ್ದಾಳೆ, ನಾನು ಮೂರು ಸಲ. ಗಿಡಗಳಿಗೆ ನೀರು ಹಾಕಲು, ಹಾಲಿನವನಿಗೆ ಬಾಗಿಲು ತೆಗೆಯಲು ಮನೆಯಲ್ಲಿ ಒಬ್ಬರಾದರೂ ಬೇಡವೇ? ಹೀಗಾಗಿ ನಮ್ಮಲ್ಲಿ ಮೈಲಿಯ ಸಿರಿವಂತೆ ಅವಳೇ.

ಎಲ್ಲರೂ ಪ್ರಯಾಣ ಮಾಡಿರುವುದು ಕೊಲ್ಲಿಯ ಒಂದೇ ವಿಮಾನ ಸಂಸ್ಥೆಯಲ್ಲಿ. ಹೆಸರು ಬೇಡ, ಮುಂದೆಯೂ ಅದನ್ನೇ ಹತ್ತಬೇಕಲ್ಲ. ನನ್ನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿರುವಂತೆ ಇಂದಿನ ಸ್ಥಿತಿ ಹೀಗಿದೆ: ಹೆಂಡತಿ 41,350, ನಾನು 16,250, ಮಗಳು 22,700, ಅಳಿಯಂದಿರು 31,900. ಒಟ್ಟು 1,12,200. ಮಗನ ಮೈಲಿಗಳು ಬೇರೆ ಸಂಸ್ಥೆಯಲ್ಲಿವೆ, ಅವನನ್ನು ಬಿಡಿ.

ಈಗ ಅಗತ್ಯವೇನೆಂದರೆ, ಸೆಪ್ಟೆಂಬರ್‌ನಲ್ಲಿ ಇಬ್ಬರೂ ದುಬೈಯಲ್ಲಿ ಹತ್ತು ದಿನ ಮೊಮ್ಮಕ್ಕಳೊಂದಿಗೆ ಇದ್ದು ಅಲ್ಲಿಂದ ಫ್ರಾಂಕ್‌ಫರ್ಟ್‌ಗೆ ಹೋಗುವವರಿದ್ದೇವೆ. ಹೆಂಡತಿಯ ಎರಡೂ ಮಂಡಿ ಸವೆದಿವೆ. ಬೆಂಗಳೂರಿನಿಂದ ದುಬೈಗೆ ನಾಲ್ಕು ಗಂಟೆ, ಹೇಗೋ ಹಲ್ಲು ಕಚ್ಚಿಕೊಂಡು ಕೂರುತ್ತಾಳೆ. ಅಲ್ಲಿಂದ ಮುಂದಿನ ಸುಮಾರು ಏಳು ಗಂಟೆ ಕಾಲು ಮಡಚಿಕೊಂಡು ಕೂರಲು ಆಗುವುದಿಲ್ಲ. ಕಳೆದ ಸಲ ಇಳಿಯುವಾಗ ಅವಳು ಎದ್ದು ನಿಲ್ಲಲಾರದೆ ಎದುರಿನ ಸೀಟು ಹಿಡಿದುಕೊಂಡಿದ್ದನ್ನು ನೋಡಿದವನು ನಾನು. ಅದೊಂದು ಹಂತಕ್ಕೆ ಮಾತ್ರ ಅವಳಿಗೆ ಬಿಸಿನೆಸ್ ಕ್ಲಾಸ್ ಕೊಡಿಸಬೇಕು. ಮೈಲಿ ಕೊಟ್ಟು ಅಪ್‌ಗ್ರೇಡ್ ಮಾಡಿಸಲು 45,000 ಬೇಕೆಂದು ಅವರ ತಾಣ ತೋರಿಸುತ್ತಿದೆ. ಅವಳಿಗೆ 3,650 ಕಡಿಮೆ. ಮನೆಮಂದಿಯ ಬಳಿ ಲಕ್ಷದ ಮೇಲಿದೆ, ಆದರೆ ಬೇಕಾದವಳ ಕೈಯಲ್ಲಿ ಸಾಲದು. ಮೇಲಾಗಿ ನನ್ನದರಲ್ಲಿ 9,800 ಮೈಲಿ ಜುಲೈ 31ಕ್ಕೆ ಸಾಯುತ್ತವಂತೆ. ಹುಟ್ಟಿದ ತಿಂಗಳಿಗೇ ಅವಧಿ ಮುಗಿಯುವ ಲೆಕ್ಕ ಅವರದು. ನಾನು ಆಷಾಢದಲ್ಲಿ ಹುಟ್ಟಿದವನು, ನನ್ನ ಮೈಲಿಗೂ ಆಷಾಢವೇ ಗಂಡಾಂತರ.

ಕುಟುಂಬದವರೆಲ್ಲ ಸೇರಿ ಒಂದೇ ಖಾತೆ ಮಾಡಿಕೊಳ್ಳಬಹುದೆಂದು ಅಳಿಯಂದಿರು ಹೇಳುತ್ತಿದ್ದಾರೆ. ನನಗೆ ತಿಳಿಯಬೇಕಾದದ್ದು ಮೂರು. ಈಗಾಗಲೇ ಇರುವ ಮೈಲಿಗಳು ಹಾಗೆ ಕೂಡುತ್ತವೆಯೇ? ಅರ್ಜಿಯಲ್ಲಿ ‘ಕುಟುಂಬದ ಮುಖ್ಯಸ್ಥ’ ಯಾರೆಂದು ಕೇಳುತ್ತಾರೆ, ಯಾರನ್ನು ಹಾಕಬೇಕು? ನನ್ನ ಷಡ್ಡಕನೂ ತನ್ನ 11,000 ಮೈಲಿ ಸೇರಿಸುತ್ತೇನೆಂದು ಉತ್ಸಾಹದಲ್ಲಿದ್ದಾನೆ. ಆದರೆ ಸಂಬಂಧ ಆರಿಸುವ ಪಟ್ಟಿಯಲ್ಲಿ ಗಂಡ, ಹೆಂಡತಿ, ಅಣ್ಣ, ತಮ್ಮ ಎಲ್ಲ ಇದ್ದಾರೆ, ಷಡ್ಡಕನಿಗೆ ಜಾಗವಿಲ್ಲ. ಏನು ಮಾಡಲಿ?

ಇನ್‌ಫೆಂಟ್ರಿ ರಸ್ತೆಯ ಟಿಕೆಟ್ ಗುಮಾಸ್ತ:

ಮೇಷ್ಟ್ರೇ, ನಮಸ್ಕಾರ. 22 ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ಎಲ್ಲರೂ ‘ಮೈಲಿ ಕೂಡಿಸುವುದು’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ, ಆದರೆ ಆ ಮಾತಿನೊಳಗೆ ಮೂರು ಬೇರೆ ಬೇರೆ ವ್ಯವಹಾರಗಳಿವೆ.

ಒಂದು, ನಿಜವಾದ ಸಾಮಾನ್ಯ ಹುಂಡಿ. ಇದರಲ್ಲೂ ಸಂಸ್ಥೆಗೊಂದು ರೀತಿ. ಎಮಿರೇಟ್ಸ್‌ನಲ್ಲಿ ಒಂದು ಕುಟುಂಬಕ್ಕೆ ಎಂಟು ಜನರವರೆಗೆ ಸೇರಬಹುದು. ಪ್ರತಿಯೊಬ್ಬರೂ ತಾವು ಗಳಿಸುವುದರಲ್ಲಿ ಶೇಕಡಾ ಎಷ್ಟನ್ನು ಹುಂಡಿಗೆ ಹಾಕುತ್ತೇವೆಂದು ತಾವೇ ನಿರ್ಧರಿಸಬಹುದು, ಶೇಕಡಾ 100 ಕೂಡ. ಬ್ರಿಟಿಷ್ ಏರ್‌ವೇಸ್‌ನದು ಬೇರೆಯೇ ಜಾಣತನ. ಅಲ್ಲಿ ಪ್ರತಿಯೊಬ್ಬರ ಖಾತೆಯೂ ಅವರವರ ಹೆಸರಿನಲ್ಲೇ ಇರುತ್ತದೆ, ಟಿಕೆಟ್ ಕೊಳ್ಳುವಾಗ ಮಾತ್ರ ಎಲ್ಲರಿಂದಲೂ ಅನುಪಾತದಲ್ಲಿ ಕಡಿಯುತ್ತಾರೆ. ನಿಮಗೆ ಇಷ್ಟವಾಗುವ ಲೆಕ್ಕ ಇದು: ನಿಮ್ಮ ಮನೆಯ ಅಂಕಿಗಳನ್ನೇ ಹಿಡಿದರೆ, 45,000 ತೆಗೆಯುವಾಗ ಅಮ್ಮನವರಿಂದ ಸುಮಾರು 16,600, ನಿಮ್ಮಿಂದ 6,500, ಮಗಳಿಂದ 9,100, ಅಳಿಯಂದಿರಿಂದ 12,800 ಹೋಗುತ್ತಿತ್ತು. ಒಬ್ಬರ ಗಂಟು ಪೂರ್ತಿ ಕರಗುವುದಿಲ್ಲ, ಆದರೆ ಎಲ್ಲರ ಗಂಟೂ ಸಡಿಲವಾಗುತ್ತದೆ. ಮನೆಗೆ ಬಂದ ನೆಂಟರಿಗಾಗಿ ಎಲ್ಲರ ತಟ್ಟೆಯಿಂದಲೂ ಒಂದೊಂದು ತುತ್ತು ತೆಗೆದಂತೆ.

ಜರ್ಮನಿಯ ಲುಫ್ತಾನ್ಸಾ ಸಂಸ್ಥೆಯ ಮೈಲಿ ಯೋಜನೆ ಮೈಲ್ಸ್ ಆ್ಯಂಡ್ ಮೋರ್‌ನಲ್ಲಿ ಇಬ್ಬರು ವಯಸ್ಕರು, ಐದು ಮಕ್ಕಳವರೆಗೆ. ಅಂದರೆ ಅವರ ಕಣ್ಣಿನಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ, ಮಕ್ಕಳು. ನಿಮ್ಮ ಮಗ ಮತ್ತು ಸೊಸೆ ಸೇರಿಕೊಂಡರೆ ನಿಮಗೆ ಅಲ್ಲಿ ಜಾಗ ಮುಗಿಯಿತು. ಅಮೆರಿಕದ ಯುನೈಟೆಡ್ ವಿಮಾನ ಸಂಸ್ಥೆ 2024ರಲ್ಲಿ ಶುರುಮಾಡಿದ ಹುಂಡಿಯಲ್ಲಿ ಐದು ಜನ. ರಕ್ತಸಂಬಂಧ ಕೇಳುವುದಿಲ್ಲ, ಸ್ನೇಹಿತರೂ ಆಗಬಹುದು. ಅವರ ಮೈಲಿಗಳಿಗೆ ಅವಧಿಯೂ ಇಲ್ಲ. ನಿಮ್ಮ ಷಡ್ಡಕರಿಗೆ ಹೇಳಿಮಾಡಿಸಿದ ಜಾಗ, ಆದರೆ ಅವರು ಅಮೆರಿಕಕ್ಕೆ ಹೋಗುತ್ತಿರಬೇಕು.

ಎರಡು, ಹುಂಡಿಯೇ ಇಲ್ಲದೆ ಒಬ್ಬರ ಮೈಲಿಯಿಂದ ಇನ್ನೊಬ್ಬರಿಗೆ ಟಿಕೆಟ್ ತೆಗೆಯುವುದು. ಸಿಂಗಪುರ್ ಏರ್‌ಲೈನ್ಸ್‌ನಲ್ಲಿ ಹೀಗೆ. ಐದು ಜನರ ಹೆಸರನ್ನು ನೋಂದಾಯಿಸಿಟ್ಟರೆ ನಿಮ್ಮ ಮೈಲಿ ಅವರಿಗೂ ಬಳಕೆಗೆ ಬರುತ್ತದೆ, ಆದರೆ ಇಬ್ಬರ ಮೈಲಿ ಒಂದಾಗುವುದಿಲ್ಲ. ಅಲ್ಲಿ ಮೈಲಿಯ ಆಯುಸ್ಸು 36 ತಿಂಗಳು.

ಮೂರು, ದುಡ್ಡು ಕೊಟ್ಟು ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾಯಿಸುವುದು. ಸಾಮಾನ್ಯವಾಗಿ ಸಾವಿರಕ್ಕೆ ಇಷ್ಟೆಂದು ಶುಲ್ಕ.

ನೀವು ಕೇಳಿದ ಮೊದಲ ಪ್ರಶ್ನೆಯೇ ಮುಖ್ಯ. ಕೆಲವು ಹುಂಡಿಗಳು ಸೇರಿದ ದಿನದಿಂದ ಮುಂದೆ ಗಳಿಸುವುದನ್ನು ಮಾತ್ರ ನುಂಗುತ್ತವೆ, ಹಳೆಯ ಗಂಟು ಹೊರಗೇ ಉಳಿಯುತ್ತದೆ. ನಿಮ್ಮ ಸಂಸ್ಥೆಗೆ ಫೋನ್ ಮಾಡಿ, ಇದೊಂದನ್ನು ಸ್ಪಷ್ಟವಾಗಿ ಕೇಳಿ. ಹಾಗೆಯೇ ಹುಂಡಿಯ ಮೈಲಿ ಮತ್ತು ಸ್ವಂತ ಮೈಲಿ ಸೇರಿಸಿ ಒಂದೇ ಅಪ್‌ಗ್ರೇಡ್‌ಗೆ ಕೊಡಬಹುದೇ ಎಂಬುದನ್ನೂ ಕೇಳಿ. ಜನ ಎಡವುವುದು ಇಲ್ಲಿಯೇ.

ಇನ್ನೊಂದು ಮಾತು. ಟಿಕೆಟ್ ಇನ್ನೂ ಕೊಂಡಿಲ್ಲವಾದರೆ ಮಗನಿಗೆ ಹೇಳಿ, ಅತಿ ಅಗ್ಗದ ದರದ ಟಿಕೆಟ್ ತೆಗೆಯಬೇಡ ಎಂದು. ತೀರಾ ಕಡಿಮೆ ದರದ ಟಿಕೆಟ್‌ಗಳಿಗೆ ಎಷ್ಟೋ ಕಡೆ ಮೈಲಿ ಕೊಟ್ಟರೂ ಅಪ್‌ಗ್ರೇಡ್ ಇಲ್ಲ. ಲಕ್ಷ ಮೈಲಿ ಇಟ್ಟುಕೊಂಡು ಬಂದು ಈ ಒಂದು ಕಾರಣಕ್ಕೆ ಸಪ್ಪೆಮೋರೆ ಹಾಕಿಕೊಂಡು ಹೋದವರನ್ನು ನನ್ನ ಕೌಂಟರಿನಲ್ಲಿ ನೋಡಿದ್ದೇನೆ.

ನಗದು ನಾರಾಯಣ:

3,650 ಮೈಲಿಗೆ ಇಷ್ಟು ದೊಡ್ಡ ಯಜ್ಞವೇ? ನಾಲ್ಕು ಸಾವಿರ ಮೈಲಿ ವರ್ಗಾವಣೆಗೆ ಶುಲ್ಕ ಕಟ್ಟಿ, ಕೆಲಸ ಮುಗಿಸಿ. ಅಥವಾ ಚೆಕ್-ಇನ್ ಸಮಯದಲ್ಲಿ ನಗದು ಕೊಟ್ಟರೆ ಅಪ್‌ಗ್ರೇಡ್ ಎಷ್ಟಾಗುತ್ತದೆಂದು ವಿಚಾರಿಸಿ. ಮೈಲಿಯೆಂಬುದು ಅಂಗಡಿಯವನು ಚಿಲ್ಲರೆ ಇಲ್ಲವೆಂದು ಕೊಡುವ ಚಾಕೊಲೇಟ್ ಇದ್ದಂತೆ. ಅದನ್ನು ಕೂಡಿಡುವವನು ಅದೇ ಅಂಗಡಿಗೆ ಕಟ್ಟುಬಿದ್ದ ಎಂದೇ ಅರ್ಥ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಮೈಲಿ ಯೋಜನೆ ಆರಂಭಿಸಿದ್ದೂ ಗಿರಾಕಿ ಬೇರೆ ಬಾಗಿಲಿಗೆ ಹೋಗದಿರಲಿ ಎಂದೇ ಅಲ್ಲವೇ?

ಒಂದು ಉಪಯೋಗದ ಮಾತು ಹೇಳುತ್ತೇನೆ. ಟಿಕೆಟ್ ಮಾಡಿಸುವಾಗಲೇ ಅಮ್ಮನವರಿಗೆ ಗಾಲಿಕುರ್ಚಿ ಬೇಕೆಂದು ನಮೂದಿಸಿ. ಅದಕ್ಕೆ ಮೈಲಿ ಬೇಡ, ದುಡ್ಡೂ ಬೇಡ. ಅಂತರರಾಷ್ಟ್ರೀಯ ವಿಮಾನಗಳೆಲ್ಲ 2023ರ ಸೆಪ್ಟೆಂಬರ್‌ನಿಂದ ನಮ್ಮ ಎರಡನೇ ಟರ್ಮಿನಲ್‌ಗೆ ಹೋಗಿವೆ. ಬಿದಿರು, ತೂಗುಗಿಡ, ಎಲ್ಲ ನೋಡಲು ಚಂದ. ಸವೆದ ಮಂಡಿಯಲ್ಲಿ ನಡೆಯುವವರಿಗೆ ಆ ದೂರ ಚಂದವಲ್ಲ.

ಮಲ್ಲೇಶ್ವರದ ಆಡಿಟರ್:

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರಿಸುವ ಆಸೆ ತಡೆಯಲಾಗುತ್ತಿಲ್ಲ. ಆದಾಯ ತೆರಿಗೆಯಲ್ಲಿ ಹಿಂದೂ ಅವಿಭಕ್ತ ಕುಟುಂಬಕ್ಕೆ ಒಬ್ಬ ‘ಕರ್ತಾ’ ಇರುತ್ತಾನಲ್ಲ, ವಿಮಾನ ಸಂಸ್ಥೆಯ ಮುಖ್ಯಸ್ಥನೂ ಹಾಗೆಯೇ ಎಂದುಕೊಳ್ಳಿ. ಉಳಿದವರು ತಂದು ಹಾಕುತ್ತಾರೆ, ಉಗ್ರಾಣದ ಬೀಗದ ಕೈ ಅವನಲ್ಲಿರುತ್ತದೆ. ಬಹಳಷ್ಟು ಯೋಜನೆಗಳಲ್ಲಿ ಒಮ್ಮೆ ಹುಂಡಿಗೆ ಬಿದ್ದದ್ದನ್ನು ‘ನನ್ನ ಪಾಲು ಕೊಡಿ’ ಎಂದು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಆದ್ದರಿಂದ ವಯಸ್ಸು, ಗೌರವ, ಯಾರು ಹಿರಿಯರು ಎಂಬುದನ್ನೆಲ್ಲ ಪಕ್ಕಕ್ಕಿಡಿ. ಯಾರು ಹೆಚ್ಚು ಬಳಸುತ್ತಾರೆ, ಯಾರ ಮಿಂಚಂಚೆ ಮತ್ತು ಮೊಬೈಲ್ ಸಂಖ್ಯೆ ಹತ್ತು ವರ್ಷಕ್ಕೂ ಬದಲಾಗುವುದಿಲ್ಲ, ಅವರನ್ನು ಹಾಕಿ.

ಮಗಳನ್ನು ಸೇರಿಸುವ ಮುನ್ನ ಅವಳ ಅತ್ತೆ-ಮಾವ ಈಗಾಗಲೇ ಅವಳನ್ನು ತಮ್ಮ ಹುಂಡಿಗೆ ಸೇರಿಸಿದ್ದಾರೆಯೇ ಎಂದು ಕೇಳಿ. ಒಬ್ಬರು ಒಂದೇ ಸಮಯಕ್ಕೆ ಎರಡು ಕುಟುಂಬದಲ್ಲಿರಲು ಸಾಮಾನ್ಯವಾಗಿ ಬಿಡುವುದಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲನ್ನು ನಮ್ಮ ಕರ್ನಾಟಕ 1994ರಲ್ಲೇ ಕೊಟ್ಟಿತು, ದೆಹಲಿಗೆ ಅದು ಹೊಳೆದದ್ದು 2005ರಲ್ಲಿ. ವಿಮಾನ ಸಂಸ್ಥೆಗಳಿಗೆ ಮಾತ್ರ ಹೆಣ್ಣುಮಗಳು ಇಂದಿಗೂ ತವರಿನವಳು, ಇಲ್ಲವೇ ಗಂಡನ ಮನೆಯವಳು. ನನ್ನ ಮನೆಯಲ್ಲೇ ಈ ವಿಷಯಕ್ಕೆ ಬೀಗರ ನಡುವೆ ಎರಡು ದಿನ ಮಾತು ಬಿಟ್ಟಿತ್ತು. ಹೆಚ್ಚು ಹೇಳುವುದಿಲ್ಲ, ಅವರೂ ಇದನ್ನು ಓದುತ್ತಾರೆ.

ಮೈಲಿಯನ್ನು ಆಸ್ತಿಯೆಂದು ಭಾವಿಸಬೇಡಿ. ಅದು ಸದಸ್ಯರ ಸ್ವತ್ತಲ್ಲವೆಂದು ನಿಯಮಗಳಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಉಯಿಲಿನಲ್ಲಿ ಬರೆದರೂ ನಡೆಯುತ್ತದೆಂಬ ಭರವಸೆಯಿಲ್ಲ. ಅರವತ್ತು ದಾಟಿದವರ ಖಾತೆಯಲ್ಲಿ ದೊಡ್ಡ ಗಂಟು ಇಡುವುದಕ್ಕಿಂತ ಖರ್ಚು ಮಾಡಿ ಮಂಡಿಗೆ ಸುಖ ಕೊಡುವುದೇ ಮೇಲು. ಈ ವಿಷಯದಲ್ಲಿ ನೀವು ಹಿಡಿದ ದಾರಿ ಸರಿಯಾಗಿದೆ.

ಕ್ರೆಡಿಟ್ ಕಾರ್ಡಿನಿಂದ ಮೈಲಿ ಕೂಡಿಸುವ ಅಭ್ಯಾಸವಿದ್ದರೆ ಅಲ್ಲಿ ಮಾತ್ರ ಹುಂಡಿ ಸಲೀಸು. ಮನೆಯವರಿಗೆಲ್ಲ ಆ್ಯಡ್-ಆನ್ ಕಾರ್ಡ್ ಮಾಡಿಸಿದರೆ ಎಲ್ಲರ ಖರ್ಚಿನ ಪಾಯಿಂಟ್ ಮೂಲ ಕಾರ್ಡುದಾರನಿಗೇ ಸೇರುತ್ತದೆ. ಬಿಲ್ಲೂ ಅವನಿಗೇ ಸೇರುತ್ತದೆ ಎಂಬುದನ್ನು ಮರೆಯಬೇಡಿ.

ಎರಡು ಹೆಸರಿನ ಮಾವನ ಸೊಸೆ:

ಸರ್, ಬೇರೆ ಯಾರೂ ಕೇಳದ ಒಂದು ಪ್ರಶ್ನೆ ಕೇಳಲೇ? ಏಳು ಸಲವೂ ಅಮ್ಮನವರ ಖಾತೆಗೆ ಮೈಲಿ ಬಂದಿವೆಯೇ? ಪ್ರತಿಯೊಂದು ಪ್ರಯಾಣಕ್ಕೂ ಎದುರು ಎಷ್ಟು ಬಂತೆಂದು ನೋಡಿದ್ದೀರಾ?

ಕೇಳುವುದಕ್ಕೆ ಕಾರಣವಿದೆ. ನಮ್ಮ ಮಾವನವರದು ಹಳೆಯ ಕಾಲದ ಹೆಸರು. ಮೊದಲು ಊರು, ಆಮೇಲೆ ಅವರ ತಂದೆ, ಕೊನೆಗೆ ಅವರು. ಬ್ಯಾಂಕಿನಲ್ಲಿ ಎರಡು ಇನಿಷಿಯಲ್, ಆಧಾರ್‌ನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೇ ಉಪನಾಮವಾಗಿ ಕುಳಿತಿದೆ. ನನ್ನ ಗಂಡ ಮೈಲಿ ಖಾತೆ ತೆರೆಯುವಾಗ ಮನೆಯಲ್ಲಿ ಕರೆಯುವ ಹೆಸರು ಮತ್ತು ಅಜ್ಜನ ಹೆಸರು ಹಾಕಿಬಿಟ್ಟಿದ್ದರು. ಟಿಕೆಟ್ ಮಾತ್ರ ಪಾಸ್‌ಪೋರ್ಟಿನಂತೆಯೇ ಇರಲೇಬೇಕಲ್ಲ. ಸದಸ್ಯತ್ವ ಸಂಖ್ಯೆ ಸರಿಯಾಗಿ ಕೊಟ್ಟಿದ್ದರೂ ಹೆಸರು ತಾಳೆಯಾಗದೆ ನಾಲ್ಕು ಪ್ರಯಾಣದ ಮೈಲಿ ಬರಲೇ ಇಲ್ಲ. ನಮಗೆ ಗೊತ್ತಾಗುವ ಹೊತ್ತಿಗೆ ಎರಡಕ್ಕೆ ಬಾಕಿ ಮೈಲಿ ಕೇಳುವ ಗಡುವು ಮೀರಿತ್ತು. ಎಷ್ಟು ಬೇಡಿಕೊಂಡರೂ ‘ವಿಷಾದಿಸುತ್ತೇವೆ’ ಎಂಬ ಒಂದೇ ಸಾಲಿನ ಉತ್ತರ. ಮಾವನವರು ಮಾತ್ರ, ‘ನನ್ನ ಊರಿನ ಹೆಸರು ಆಕಾಶದಲ್ಲಿ ಓಡಾಡಿತಲ್ಲ, ಅಷ್ಟು ಸಾಕು’ ಎಂದು ನಕ್ಕುಬಿಟ್ಟರು.

ಉಪನಾಮವೇ ಇಲ್ಲದವರ ಪಾಡು ಇನ್ನೂ ವಿಚಿತ್ರ. ಖಾಲಿ ಬಿಡಲು ಕಂಪ್ಯೂಟರ್ ಒಪ್ಪುವುದಿಲ್ಲವೆಂದು ಕೆಲವೊಮ್ಮೆ ಇದ್ದ ಹೆಸರನ್ನೇ ಎರಡು ಸಲ ಬರೆಯುತ್ತಾರೆ. ನಮ್ಮ ಕಡೆಯ ತಾಯಂದಿರ ಪಾಸ್‌ಪೋರ್ಟ್‌ಗಳಲ್ಲಿ ಉಪನಾಮ ಇಲ್ಲದಿರುವುದೇ ಹೆಚ್ಚು. ದಯವಿಟ್ಟು ಒಮ್ಮೆ ನೋಡಿ.

ಹನುಮಂತನಗರದ ಗಣಿತ ಮೇಷ್ಟ್ರು:

ಎಲ್ಲರಿಗೂ ವಂದನೆ. ಒಬ್ಬೊಬ್ಬರಿಗೆ ಉತ್ತರಿಸುವ ಮೊದಲು ಒಂದು ತಪ್ಪೊಪ್ಪಿಗೆ.

ಕೊನೆಯಲ್ಲಿ ಬರೆದ ತಾಯಿ ಹೇಳಿದಂತೆ ಪುಸ್ತಕ ತೆಗೆದು ನೋಡಿದೆ. ಜನವರಿ 9ರಂದು ನಾವಿಬ್ಬರೂ ಮೊಮ್ಮಗನ ಹುಟ್ಟುಹಬ್ಬಕ್ಕೆ ದುಬೈಗೆ ಹೋಗಿ ಫೆಬ್ರವರಿ 2ರಂದು ಹಿಂದಿರುಗಿದ್ದೆವು. ಒಂದೇ ವಿಮಾನ, ಒಂದೇ ದರ, ಅಕ್ಕಪಕ್ಕದ ಸೀಟು. ಹೋಗುವ ಮೊದಲು ನನ್ನ ಖಾತೆಯಲ್ಲಿ 12,450 ಇತ್ತು, ಬಂದ ಮೇಲೆ 16,250. ಅಂದರೆ 3,800 ಏರಿದೆ. ಅವಳದು ಹೋಗುವ ಮೊದಲು 41,350, ಬಂದ ಮೇಲೂ 41,350. ಎರಡೂ ಅಂಕಿಗಳನ್ನು ನನ್ನ ಕೈಯಾರೆ, ಒಂದರ ಕೆಳಗೊಂದು, ಬರೆದಿದ್ದೇನೆ. ಕಣ್ಣಿಗೆ ಬೀಳಲಿಲ್ಲ! ಒಟ್ಟು ಮೊತ್ತ ಹೆಚ್ಚಿದ್ದನ್ನು ನೋಡಿ ಸಮಾಧಾನಪಟ್ಟುಕೊಂಡು ಅಡಿಗೆರೆ ಎಳೆದಿದ್ದೇನೆ. ಹತ್ತನೇ ತರಗತಿಯ ಹುಡುಗ ಹೀಗೆ ಮಾಡಿದ್ದರೆ ಉತ್ತರಪತ್ರಿಕೆಯ ಮೇಲೆ ಏನು ಬರೆಯುತ್ತಿದ್ದೆನೆಂದು ನನಗೆ ಚೆನ್ನಾಗಿ ಗೊತ್ತು.

ಬರಬೇಕಾದ 3,800 ಬಂದರೆ ಅವಳ ಖಾತೆ 45,150 ಆಗುತ್ತದೆ. ಬೇಕಾಗಿರುವುದು 45,000. ಯಾರ ಹುಂಡಿಯೂ ಬೇಡ.

ಹೆಸರಿನ ವಿಷಯವೂ ಹೇಳಿದಂತೆಯೇ ಆಗಿದೆ. ಅವಳ ಪಾಸ್‌ಪೋರ್ಟಿನಲ್ಲಿ ಉಪನಾಮ ಖಾಲಿ. ಖಾತೆ ತೆರೆದ ಮಗ ಅಲ್ಲಿ ನನ್ನ ಹೆಸರು ಹಾಕಿದ್ದಾನೆ. ಹಿಂದಿನ ಟಿಕೆಟ್‌ಗಳನ್ನೆಲ್ಲ ಅವನೇ ಮಾಡಿಸಿದ್ದ. ಒಂದೆರಡು ಸಲ ತಾಳೆಯಾಗದೆ ಅವನೇ ಪತ್ರ ಬರೆದು ಸರಿಪಡಿಸಿಕೊಂಡಿದ್ದನಂತೆ, ನಮಗೆ ಹೇಳಿರಲಿಲ್ಲ. ಜನವರಿಯ ಟಿಕೆಟ್ ಮಾಡಿಸಿದವರು ಅಳಿಯಂದಿರು. ಅವರಿಗೆ ಈ ಕಥೆ ಗೊತ್ತಿಲ್ಲ. ಈಗ ಮಗ ‘ಭಾವನವರು ನನ್ನನ್ನು ಕೇಳಬೇಕಿತ್ತು’ ಎನ್ನುತ್ತಾನೆ. ಅಳಿಯಂದಿರು ಏನೂ ಅನ್ನುವುದಿಲ್ಲ, ಅವರ ಪರವಾಗಿ ಮಗಳು ಅನ್ನುತ್ತಾಳೆ.

ಟಿಕೆಟ್ ಗುಮಾಸ್ತರೇ, ನೀವು ಹೇಳಿದಂತೆ ಸಂಸ್ಥೆಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿ ಆಮೇಲೆ ಮಾತನಾಡಿದರು. ಹಳೆಯ ಮೈಲಿ ಹುಂಡಿಗೆ ಬರುವುದಿಲ್ಲ, ಸೇರಿದ ಮೇಲೆ ಗಳಿಸಿದ್ದು ಮಾತ್ರ. ಅಂದರೆ ಅಳಿಯಂದಿರ ಯೋಜನೆ ಈ ಸೆಪ್ಟೆಂಬರ್‌ಗೆ ಪ್ರಯೋಜನವಿಲ್ಲ. ನಮ್ಮೂರಿನ ಚೀಟಿಗಿಂತ ಇದು ಕಠಿಣ. ಚೀಟಿಯಲ್ಲಿ ಕನಿಷ್ಠ ಹರಾಜು ಕೂಗಿ ಮೊದಲೇ ಎತ್ತಿಕೊಳ್ಳಬಹುದು.

ನಾರಾಯಣರೇ, ಗಾಲಿಕುರ್ಚಿಯ ಮಾತಿಗೆ ಕೃತಜ್ಞ. ಶುಲ್ಕ ಕಟ್ಟುವ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ನಮ್ಮದೇ ಮೈಲಿಯನ್ನು ನಮ್ಮ ಎಡಗೈಯಿಂದ ಬಲಗೈಗೆ ದಾಟಿಸಲು ಸುಂಕವೇ?

ಈಗ ಪ್ರಶ್ನೆ: ಗಡುವು ಎಷ್ಟು? ಏನೇನು ಬೇಕು?

ಇನ್‌ಫೆಂಟ್ರಿ ರಸ್ತೆಯ ಟಿಕೆಟ್ ಗುಮಾಸ್ತ:

ಸಾಮಾನ್ಯವಾಗಿ ಪ್ರಯಾಣದ ದಿನದಿಂದ ಆರು ತಿಂಗಳು. ನಿಮ್ಮ ಸಂಸ್ಥೆಯಲ್ಲೂ ಅಷ್ಟೇ ಇದ್ದರೆ ಜುಲೈ 9ರೊಳಗೆ, ಅದು ಹೋಗುವಾಗಿನ ಹಂತಕ್ಕೆ. ಈಗ ಮೇ ತಿಂಗಳು, ಅವಸರ ಬೇಡ, ಆದರೆ ಮುಂದೂಡಲೂ ಬೇಡ.

ಮೊದಲು ಹೆಸರು, ಆಮೇಲೆ ಮೈಲಿ. ಈ ಕ್ರಮ ತಿರುಗಿಸಬೇಡಿ. ಪಾಸ್‌ಪೋರ್ಟಿನ ಪ್ರತಿ ಕಳಿಸಿ ಖಾತೆಯ ಹೆಸರನ್ನು ಅದರಂತೆಯೇ ಮಾಡಿಸಿ. ಅದು ಆದ ಮೇಲೆ ಬಾಕಿ ಮೈಲಿಯ ಅರ್ಜಿ ಹಾಕಿ. ಹೆಸರು ತಪ್ಪಿರುವಾಗಲೇ ಅರ್ಜಿ ಹಾಕಿದರೆ ತಿರಸ್ಕರಿಸುತ್ತಾರೆ, ಒಮ್ಮೆ ತಿರಸ್ಕೃತವಾದದ್ದನ್ನು ಮತ್ತೆ ತೆರೆಸುವುದು ಕಷ್ಟ. ಬೇಕಾಗುವುದು ಇ-ಟಿಕೆಟ್ ಸಂಖ್ಯೆ, 13 ಅಂಕಿಗಳಿರುತ್ತವೆ, ಮತ್ತು ಸಾಧ್ಯವಾದರೆ ಬೋರ್ಡಿಂಗ್ ಪಾಸ್. ಬೋರ್ಡಿಂಗ್ ಪಾಸ್ ಇಟ್ಟಿದ್ದೀರಾ? ಹೆಚ್ಚಿನವರು ದೇವನಹಳ್ಳಿ ದಾಟುವ ಮೊದಲೇ ಎಸೆದಿರುತ್ತಾರೆ.

ಹನುಮಂತನಗರದ ಗಣಿತ ಮೇಷ್ಟ್ರು:

ನಾನು ಎಸೆಯುವವನಲ್ಲ. ಆದರೆ ಎಲ್ಲಿ ಇಟ್ಟಿದ್ದೇನೆಂಬುದು ಬೇರೆ ಪ್ರಶ್ನೆ.

ಹನುಮಂತನಗರದ ಗಣಿತ ಮೇಷ್ಟ್ರು (ಮೂರು ದಿನಗಳ ನಂತರ):

ಸಿಕ್ಕಿತು. ನನ್ನ ಕಡತದಲ್ಲಿ ಇರಲಿಲ್ಲ. ಕಬ್ಬಿಣದ ಬೀರು, ಹಳೆಯ ಸೂಟ್‌ಕೇಸ್, ಪಾಸ್‌ಪೋರ್ಟ್ ಇಡುವ ಬಿಸ್ಕತ್ತಿನ ಡಬ್ಬಿ, ಎಲ್ಲ ಕೆದಕಿದೆ. ಎರಡು ದಿನ ಅವಳು ಏನೂ ಹೇಳದೆ ನೋಡುತ್ತಿದ್ದಳು. ಮೂರನೆಯ ದಿನ ‘ಏನು ಹುಡುಕುತ್ತಿದ್ದೀರಿ?’ ಎಂದಳು. ಹೇಳಿದೆ. ದೇವರ ಮನೆಗೆ ಹೋಗಿ ಹಳೆಯ ಪಂಚಾಂಗದೊಳಗಿನಿಂದ ನಾಲ್ಕು ಬೋರ್ಡಿಂಗ್ ಪಾಸ್ ತೆಗೆದುಕೊಟ್ಟಳು. ಏಕಾದಶಿಯ ಪುಟಕ್ಕೆ ಗುರುತಿಗೆಂದು ಇಟ್ಟಿದ್ದಳಂತೆ. ಸ್ವಲ್ಪ ಅರಿಶಿನ ಹತ್ತಿದೆ, ಅಂಕಿಗಳು ಓದಲು ಬರುತ್ತವೆ.

ಹೆಸರು ತಿದ್ದಲು ಪಾಸ್‌ಪೋರ್ಟಿನ ಪ್ರತಿ ಕಳಿಸಿ ನಾಲ್ಕು ದಿನ ಕಾಯಬೇಕೆಂದಿದ್ದರು. ಎರಡೇ ದಿನಕ್ಕೆ ಆಯಿತು. ಈಗ ಖಾತೆಯಲ್ಲಿ ಅವಳ ಹೆಸರು ಮಾತ್ರ ಇದೆ, ನನ್ನ ಹೆಸರು ಹೋಗಿದೆ. ಅದನ್ನು ತೋರಿಸಿದಾಗ ಅವಳು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು.

ಆಡಿಟರ್ ಅವರೇ, ಮುಖ್ಯಸ್ಥರ ವಿಷಯ ತೀರ್ಮಾನವಾಯಿತು. ಮುಂದಿನ ಪ್ರಯಾಣಗಳಿಗೆ ಹುಂಡಿ ಇರಲಿ ಎಂದು ಮಗಳ ಆಸೆ. ನಾನು ನಾನೇ ಆಗುತ್ತೇನೆಂದುಕೊಂಡಿದ್ದೆ. ಎಲ್ಲರೂ ಸೇರಿದ ವಿಡಿಯೊ ಕರೆಯಲ್ಲಿ ಅಳಿಯಂದಿರು, ‘ಹೆಚ್ಚು ಓಡಾಡುವವರು ಅತ್ತೆ, ಅವರೇ ಆಗಲಿ’ ಎಂದರು. ಯಾರೂ ಎದುರಾಡಲಿಲ್ಲ. ಎಲ್ಲರೂ ಶೇಕಡಾ 100 ಹಾಕುವುದು, ಅಳಿಯಂದಿರು ಮಾತ್ರ 50. ಅವರು ತಮ್ಮ ತಂದೆ-ತಾಯಿಗೂ ಸ್ವಲ್ಪ ಉಳಿಸಿಕೊಳ್ಳಬೇಕು, ನ್ಯಾಯವೇ. ಮಗಳಿಗೆ ಇಲ್ಲಿಯವರೆಗೆ ಯಾವ ಹುಂಡಿಯೂ ಇರಲಿಲ್ಲವಾದ್ದರಿಂದ ನಿಮ್ಮ ಮನೆಯಂತೆ ಮಾತು ಬಿಡುವ ಪ್ರಸಂಗ ಬರಲಿಲ್ಲ. ಷಡ್ಡಕನಿಗೆ ಜಾಗವಿಲ್ಲವೆಂದು ಹೇಳಿದಾಗ ಸ್ವಲ್ಪ ಮುನಿಸಿಕೊಂಡ. ತಾನು ನನಗೆ ತಮ್ಮನೆಂದು ಬರೆದುಬಿಡಿ, ಯಾರು ಪರೀಕ್ಷಿಸುತ್ತಾರೆ ಎಂದ. ನಾನು ಒಪ್ಪಲಿಲ್ಲ. ಪರೀಕ್ಷಿಸಿದರೆ ಅವನ 11,000ದ ಜೊತೆ ನಮ್ಮ ಖಾತೆಯೂ ರದ್ದಾಗುತ್ತದೆ.

ನನ್ನ 9,800ಕ್ಕೆ ಮಾತ್ರ ದಾರಿ ಕಾಣಲಿಲ್ಲ. ಶುಲ್ಕ ಕಟ್ಟಿದರೆ ಅವಧಿ ವಿಸ್ತರಿಸುತ್ತಾರಂತೆ. ನಾರಾಯಣರು ನಗಬಹುದು, ಆದರೂ ಕಟ್ಟುವುದಿಲ್ಲ. ಅಷ್ಟಕ್ಕೆ ನನಗೆ ಅಪ್‌ಗ್ರೇಡ್ ಬರುವುದಿಲ್ಲ. ಅವಳು ಬಿಸಿನೆಸ್ ಕ್ಲಾಸಿನ ಪರದೆಯ ಮುಂದೆ, ನಾನು ಪರದೆಯ ಹಿಂದೆ, ಹೀಗೆಯೇ ಫ್ರಾಂಕ್‌ಫರ್ಟ್‌ಗೆ. ಅಪ್‌ಗ್ರೇಡ್ ಆಗುವ ದರದ ಟಿಕೆಟನ್ನೇ ತೆಗೆಯುವಂತೆ ಮಗನಿಗೆ ಹೇಳಿದ್ದೇನೆ. ಮುಂದೆ ಏನೇನು ತಿನ್ನಲು ಕೊಡುತ್ತಾರೆಂದು ಅವಳು ಮಗಳನ್ನು ಈಗಲೇ ವಿಚಾರಿಸಿಕೊಂಡಿದ್ದಾಳೆ, ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಊಟಕ್ಕೂ ಹೇಳಿಸಿದ್ದಾಳೆ.

ಇವತ್ತು ಬೆಳಿಗ್ಗೆ ಬಾಕಿ ಮೈಲಿಯ ಅರ್ಜಿ ತುಂಬಲು ಕುಳಿತೆ. ಟಿಕೆಟ್ ಸಂಖ್ಯೆಯ 13 ಅಂಕಿಗಳನ್ನೂ ಎರಡು ಸಲ ತಾಳೆ ನೋಡಿದೆ. ಕೊನೆಗೆ ಖಾತೆದಾರರ ಮೊಬೈಲಿಗೆ ಒಟಿಪಿ ಕಳಿಸಿದ್ದೇವೆ, ಹತ್ತು ನಿಮಿಷದೊಳಗೆ ನಮೂದಿಸಿ ಎಂದು ಬಂತು. ಮುಖ್ಯಸ್ಥೆಯವರು ಹೂವು ತರಲು ಗಾಂಧಿ ಬಜಾರಿಗೆ ಹೋಗಿದ್ದಾರೆ. ಮೊಬೈಲ್ ಜೊತೆಯಲ್ಲೇ ಇದೆ, ಎತ್ತುತ್ತಿಲ್ಲ.